ಅಂದಾಜಿನ ಮನೆಗಳಿಗೆ ಗುರುತು ಹಾಕಿ: ಜಗತ್ತಿನ ಲೆಕ್ಕ ಕಟ್ಟುವವರಿಗೊಂದು ಬಹಿರಂಗ ಪತ್ರ



ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜಿಟ್ಯಾಪ್ ಎಂಬ ಜಾಗತಿಕ ವ್ಯಾಪಾರದ ದತ್ತಾಂಶ ಕಟ್ಟುತ್ತಿರುವವರು, ಪ್ಯಾರಿಸ್ಸಿನ ಒಇಸಿಡಿಯಲ್ಲಿ ದೇಶದೇಶಗಳ ಕೋಷ್ಟಕಗಳನ್ನು ಹೊಂದಿಸುತ್ತಿರುವವರು, ನೆದರ್ಲೆಂಡ್ಸಿನ ಗ್ರೋನಿಂಗನ್ ಮತ್ತು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯಗಳ ಸಂಶೋಧಕರು, ಮನಿಲಾದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಅಂಕಿಅಂಶ ವಿಭಾಗದವರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕರ್ನಾಟಕದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ನಿಮ್ಮ ಕೋಷ್ಟಕಗಳನ್ನು ತರಗತಿಯಲ್ಲಿ ತೆರೆದು ಮಕ್ಕಳಿಗೆ ತೋರಿಸುತ್ತೇನೆ, ನನ್ನ ಬರಹಗಳಿಗೂ ಬಳಸುತ್ತೇನೆ. ಪತ್ರವನ್ನು ಕನ್ನಡದಲ್ಲೇ ಬರೆಯಲು ಕಾರಣವಿದೆ. ನೀವು ತುಂಬುವ ಅಂಕಿಗಳ ಮೇಲೆ ನಿಂತು ಆಗುವ ತೀರ್ಮಾನಗಳು ಕೊನೆಗೆ ಮುಟ್ಟುವುದು ಇಲ್ಲಿನ ಹೊಲ, ಕಾರ್ಖಾನೆ, ಬಂದರುಗಳನ್ನು. ಆ ಜನರಿಗೂ ನಾನು ನಿಮ್ಮನ್ನು ಏನು ಕೇಳುತ್ತಿದ್ದೇನೆಂದು ಗೊತ್ತಿರಬೇಕು.

ಅವರಿಗಾಗಿ ನಿಮ್ಮ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ದೇಶದಲ್ಲಿ ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ರೂಪಾಯಿಯ ಸರಕು ಕೊಂಡಿತು ಎಂಬುದನ್ನು ಸಾಲು ಮತ್ತು ಕಾಲಂಗಳಲ್ಲಿ ಬರೆದರೆ ಅದೇ ಇನ್‌ಪುಟ್-ಔಟ್‌ಪುಟ್ ಕೋಷ್ಟಕ. ಅಡ್ಡಡ್ಡ ಓದಿದರೆ ಉಕ್ಕು ಯಾರ್ಯಾರಿಗೆ ಮಾರಾಟವಾಯಿತೆಂದು ತಿಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಓದಿದರೆ ಕಾರಿನ ಕಾರ್ಖಾನೆ ಏನೇನು ಕೊಂಡಿತು, ಕೂಲಿ ಎಷ್ಟು ಕೊಟ್ಟಿತು, ಲಾಭ ಎಷ್ಟು ಉಳಿಸಿಕೊಂಡಿತು ಎಂದು ತಿಳಿಯುತ್ತದೆ. ವಸಿಲಿ ಲಿಯೊಂಟಿಯೆಫ್ 1936ರಲ್ಲಿ ಅಮೆರಿಕಕ್ಕೆ ಇಂಥದ್ದೊಂದು ಕೋಷ್ಟಕ ಮಾಡಿ ಪ್ರಕಟಿಸಿದರು. 1973ರಲ್ಲಿ ಅವರಿಗೆ ನೊಬೆಲ್ ಬಂತು. ನೀವು ಅದೇ ಕೆಲಸವನ್ನು ಇಡೀ ಜಗತ್ತಿಗೆ ಮಾಡುತ್ತಿದ್ದೀರಿ. ದೇಶದೇಶಗಳ ಕೋಷ್ಟಕಗಳನ್ನು ತಂದು ಒಂದೇ ಅಳತೆಗೆ ಇಳಿಸಿ, ಒಂದೇ ವರ್ಷಕ್ಕೆ ಹೊಂದಿಸಿ, ಅವುಗಳ ನಡುವಿನ ವ್ಯಾಪಾರವನ್ನು ಹೊಲಿದು ಜೋಡಿಸುತ್ತೀರಿ. ಜಿಟ್ಯಾಪ್‌ನ 11ನೇ ಆವೃತ್ತಿಯಲ್ಲಿ 160 ಪ್ರದೇಶಗಳು, 65 ವಲಯಗಳು. ಒಇಸಿಡಿಯ 2023ರ ಆವೃತ್ತಿಯಲ್ಲಿ 76 ದೇಶಗಳು, 45 ಉದ್ಯಮಗಳು, ಜತೆಗೆ ಲೆಕ್ಕಕ್ಕೆ ಸಿಗದ ಎಲ್ಲ ದೇಶಗಳನ್ನೂ ಕೂಡಿಹಾಕಿದ ‘ಉಳಿದ ಜಗತ್ತು’. ಗುಣಿಸಿ ನೋಡಿದರೆ ಒಂದೇ ಒಂದು ವರ್ಷದ ಕೋಷ್ಟಕದಲ್ಲಿ ಮನೆಗಳ, ಅಂದರೆ ಸಾಲು-ಕಾಲಂ ಕೂಡುವ ಚೌಕಗಳ, ಸಂಖ್ಯೆ ಕೋಟಿ ದಾಟುತ್ತದೆ.

ಈ ಕೆಲಸಕ್ಕೆ ನಾನು ಕೊಡುವ ಬೆಲೆ ದೊಡ್ಡದು. ಯೂಕಿಂಗ್ ಶಿಂಗ್ ಮತ್ತು ನೀಲ್ ಡೆಟರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. 2009ರಲ್ಲಿ ಚೀನಾದಿಂದ ಹೊರಟ ಒಂದು ಐಫೋನಿನ ಕಾರ್ಖಾನೆ ಬೆಲೆ 178.96 ಡಾಲರ್. ಅದರಲ್ಲಿ ಚೀನಾದ ಜೋಡಣೆ ಕೆಲಸಕ್ಕೆ ಸಿಕ್ಕದ್ದು 6.50 ಡಾಲರ್. ಉಳಿದದ್ದು ಜಪಾನ್, ಜರ್ಮನಿ, ಕೊರಿಯಾ, ಅಮೆರಿಕ ಮೊದಲಾದ ದೇಶಗಳ ಬಿಡಿಭಾಗಗಳ ಪಾಲು. ಆದರೆ ಕಸ್ಟಮ್ಸ್ ಲೆಕ್ಕದಲ್ಲಿ ಪೂರ್ತಿ 178.96 ಡಾಲರ್ ಚೀನಾದ ರಫ್ತು ಎಂದೇ ದಾಖಲಾಗುತ್ತಿತ್ತು. ಅದು ಒಂದು ಫೋನನ್ನು ಬಿಚ್ಚಿ ಮಾಡಿದ ಲೆಕ್ಕ. ಜಗತ್ತಿನ ಎಲ್ಲ ಸರಕನ್ನೂ ಹಾಗೆ ಬಿಚ್ಚಿ ನೋಡಲಾಗುವುದಿಲ್ಲ, ಅದಕ್ಕೆ ನಿಮ್ಮ ಕೋಷ್ಟಕವೇ ಬೇಕು. 2013ರ ಜನವರಿಯಲ್ಲಿ ಒಇಸಿಡಿ ಮತ್ತು ವಿಶ್ವ ವ್ಯಾಪಾರ ಸಂಸ್ಥೆ ಸೇರಿ ಮೌಲ್ಯವರ್ಧನೆಯ ಅಳತೆಯಲ್ಲಿ ವ್ಯಾಪಾರದ ಅಂಕಿಗಳನ್ನು ಮೊದಲ ಬಾರಿ ಹೊರತಂದಾಗ, 2009ರ ಅಮೆರಿಕ-ಚೀನಾ ವ್ಯಾಪಾರ ಕೊರತೆ ಕಾಲುಭಾಗದಷ್ಟು ಕಿರಿದಾಗಿ ಕಂಡಿತು. ಅದಕ್ಕೂ ಎರಡು ವರ್ಷ ಮೊದಲು ಗ್ಲೆನ್ ಪೀಟರ್ಸ್ ಮತ್ತು ಸಂಗಡಿಗರು ಜಿಟ್ಯಾಪ್ ದತ್ತಾಂಶ ಬಳಸಿ, ಶ್ರೀಮಂತ ದೇಶಗಳು ಕೊಂಡು ಬಳಸುವ ಸರಕಿನ ಹೊಗೆ ಬಡ ದೇಶಗಳ ಖಾತೆಗೆ ಎಷ್ಟು ಬರೆಯಲ್ಪಡುತ್ತಿದೆ ಎಂದು ತೋರಿಸಿದರು. ವ್ಯಾಪಾರದ ಮೂಲಕ ಹೀಗೆ ವರ್ಗವಾದ ಇಂಗಾಲದ ಡೈಆಕ್ಸೈಡ್ 1990ರಲ್ಲಿ 40 ಕೋಟಿ ಟನ್, 2008ರಲ್ಲಿ 160 ಕೋಟಿ ಟನ್. ಹವಾಮಾನದ ಮಾತುಕತೆಯಲ್ಲಿ ನಮ್ಮಂಥ ದೇಶಗಳಿಗೆ ಅದರಷ್ಟು ಗಟ್ಟಿಯಾದ ಸಾಕ್ಷಿ ಹಿಂದೆ ಇರಲಿಲ್ಲ. ಅದನ್ನು ಒದಗಿಸಿದವರು ನೀವು.

ಸಾಕ್ಷಿ ಎಂದ ಮೇಲೆ ಅದು ಎಷ್ಟು ಗಟ್ಟಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ನನ್ನ ಬೇಡಿಕೆಯೂ ಅದೇ. ಕೋಷ್ಟಕದ ಯಾವ ಅಂಕಿ ಅಳೆದು ಬಂದದ್ದು, ಯಾವುದು ಹೊಂದಿಸಿ ಬಂದದ್ದು, ಯಾವುದು ಬರೀ ಅಂದಾಜಿನಿಂದ ತುಂಬಿದ್ದು ಎಂಬುದು ಆ ಅಂಕಿಯ ಪಕ್ಕದಲ್ಲೇ ಬರೆದಿರಬೇಕು. ಸಾವಿರ ಪುಟದ ಕೈಪಿಡಿಯ ಹಿಂದೆಲ್ಲೋ ಇದ್ದರೆ ಸಾಲದು.

ಕೋಷ್ಟಕ ತುಂಬುವ ಬಗೆಯನ್ನು ಕೊಂಚ ವಿವರವಾಗಿ ಹೇಳಬೇಕು. ಓದುಗರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಮೊದಲಿಗೆ, ವ್ಯಾಪಾರದ ಲೆಕ್ಕವೇ ಎರಡು ಕಡೆ ಎರಡು ಥರ ಇರುತ್ತದೆ. ರಫ್ತು ಮಾಡುವ ದೇಶ ಹಡಗು ಹತ್ತಿಸುವವರೆಗಿನ ಬೆಲೆ ಬರೆಯುತ್ತದೆ. ಆಮದು ಮಾಡುವ ದೇಶ ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಬರೆಯುತ್ತದೆ. ನಡುವೆ ಹಾಂಗ್‌ಕಾಂಗ್, ರಾಟರ್‌ಡ್ಯಾಂನಂಥ ಬಂದರುಗಳು ಬಂದರೆ ಸರಕು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದೇ ಮಸುಕಾಗುತ್ತದೆ. 2023-24ರಲ್ಲಿ ಭಾರತದ ರಫ್ತಿಗೆ ಅಮೆರಿಕ, ಯುಎಇ ಬಿಟ್ಟರೆ ಅತಿ ದೊಡ್ಡ ಗಿರಾಕಿ ನೆದರ್ಲೆಂಡ್ಸ್ ಆಗಿತ್ತು. ಅಷ್ಟು ಚಿಕ್ಕ ದೇಶ ನಮ್ಮಿಂದ ಅಷ್ಟೊಂದು ಕೊಳ್ಳಲು ಕಾರಣ ನಮ್ಮ ರಿಫೈನರಿಗಳ ತೈಲೋತ್ಪನ್ನ ರಾಟರ್‌ಡ್ಯಾಂನಲ್ಲಿ ಇಳಿಯುತ್ತದೆ ಎಂಬುದು. ಅಲ್ಲಿಂದ ಮುಂದೆ ಅದು ಯೂರೋಪಿನ ಯಾವ ಮೂಲೆಗೆ ಹೋಗಿ ಯಾವ ಲಾರಿಯ ಟ್ಯಾಂಕಿಗೆ ಬಿತ್ತು ಎಂಬುದನ್ನು ನಮ್ಮ ಕಸ್ಟಮ್ಸ್ ಬರೆದುಕೊಂಡಿರುವುದಿಲ್ಲ.

ಎರಡನೆಯದು ಇನ್ನೂ ಆಳದ ತೊಡಕು. ಬಂದರಿನ ಕಾಗದ ಸರಕು ಯಾವುದು, ಯಾವ ದೇಶದಿಂದ ಬಂತು ಎಂದು ಹೇಳುತ್ತದೆ. ಅದನ್ನು ಕೊಂಡ ಉದ್ಯಮ ಯಾವುದು ಎಂದು ಹೇಳುವುದಿಲ್ಲ. ಕೊರಿಯಾದಿಂದ ಬಂದ ಚಿಪ್‌ಗಳಲ್ಲಿ ಎಷ್ಟು ಫೋನ್ ಕಾರ್ಖಾನೆಗೆ, ಎಷ್ಟು ಟಿವಿ ಕಾರ್ಖಾನೆಗೆ, ಎಷ್ಟು ರಿಪೇರಿ ಅಂಗಡಿಗೆ ಹೋದವು? ಅಳೆದವರಿಲ್ಲ. ಆದ್ದರಿಂದ ಒಂದು ಸೂತ್ರ ಹಿಡಿಯುತ್ತೀರಿ: ದೇಶದ ಒಟ್ಟು ಚಿಪ್ ಆಮದಿನಲ್ಲಿ ಕೊರಿಯಾದ ಪಾಲು ಎಷ್ಟೋ, ಪ್ರತಿ ಉದ್ಯಮದ ಚಿಪ್ ಆಮದಿನಲ್ಲೂ ಅಷ್ಟೇ ಎಂದು ಹಂಚುವುದು. ಕೆಲವರು ಸರಕನ್ನು ಬಿಡಿಭಾಗ, ಗ್ರಾಹಕ ವಸ್ತು, ಯಂತ್ರ ಎಂದು ಮೊದಲು ವಿಂಗಡಿಸಿ ಆಮೇಲೆ ಹಂಚುತ್ತಾರೆ, ಅದು ಮೇಲು. ಹೇಗೇ ಹಂಚಿದರೂ, ಒಂದು ದೇಶದ ಉದ್ಯಮವನ್ನು ಇನ್ನೊಂದು ದೇಶದ ಉದ್ಯಮಕ್ಕೆ ಕಟ್ಟುವ ಆ ಮನೆಗಳಲ್ಲಿ ಬಹುಪಾಲು ಹೀಗೆ ಹಂಚಿ ತುಂಬಿದವೇ. ಅಂತರರಾಷ್ಟ್ರೀಯ ಕೋಷ್ಟಕದ ಹೆಗ್ಗಳಿಕೆಯೆಲ್ಲ ಇರುವುದು ಇದೇ ಮನೆಗಳಲ್ಲಿ.

ಮೂರನೆಯದು ಹಳೆಯ ಕೋಷ್ಟಕವನ್ನು ಹೊಸ ವರ್ಷಕ್ಕೆ ಎಳೆಯುವ ಕೆಲಸ. ಇದಕ್ಕೆ ಬಹಳ ಕಡೆ ಬಳಕೆಯಾಗುವುದು ಕೇಂಬ್ರಿಡ್ಜ್‌ನ ರಿಚರ್ಡ್ ಸ್ಟೋನ್ ಬಳಕೆಗೆ ತಂದ ಆರ್‌ಎಎಸ್ ವಿಧಾನ. ಇದೇ ಲೆಕ್ಕವನ್ನು ಜನಗಣತಿಯ ಅಂಕಿಗಳಿಗಾಗಿ ಡೆಮಿಂಗ್ ಮತ್ತು ಸ್ಟೀಫನ್ 1940ರಲ್ಲೇ ಮಾಡಿದ್ದರು. ಹಳೆಯ ಕೋಷ್ಟಕದಲ್ಲಿ ಉಕ್ಕು ವಲಯ ಕಾರಿನವರಿಗೆ 20, ಕಟ್ಟಡದವರಿಗೆ 30 ರೂಪಾಯಿಯ ಮಾಲು ಮಾರಿತ್ತು ಎನ್ನಿ. ಈ ವರ್ಷ ಉಕ್ಕಿನ ಒಟ್ಟು ಮಾರಾಟ 100 ಎಂದು ಮಾತ್ರ ಗೊತ್ತು. ಹಳೆಯ ಪ್ರಮಾಣದಲ್ಲೇ ಹಿಗ್ಗಿಸಿದರೆ 40 ಮತ್ತು 60. ಆದರೆ ಕಾರಿನವರ ಒಟ್ಟು ಖರೀದಿಗೂ ಈ 40ಕ್ಕೂ ತಾಳೆಯಾಗುತ್ತಿಲ್ಲ. ಆಗ ಕಾರಿನ ಕಾಲಮ್ಮಿನ ಎಲ್ಲ ಅಂಕಿಗಳನ್ನೂ ಕುಗ್ಗಿಸಬೇಕು. ಕುಗ್ಗಿಸಿದರೆ ಸಾಲಿನ ಮೊತ್ತ ಕೆಡುತ್ತದೆ, ಮತ್ತೆ ಸಾಲನ್ನು ಹಿಗ್ಗಿಸಬೇಕು. ಹೀಗೆ ಅಡ್ಡ, ಉದ್ದ, ಅಡ್ಡ, ಉದ್ದ ಎಂದು ಎರಡೂ ಕಡೆಯ ಮೊತ್ತ ಕೂಡಿಬರುವವರೆಗೆ ಕಂಪ್ಯೂಟರ್ ತಿದ್ದುತ್ತಾ ಹೋಗುತ್ತದೆ. ಕೊನೆಗೆ ಸಿಗುವ ಕೋಷ್ಟಕದಲ್ಲಿ ಅಂಚಿನ ಮೊತ್ತಗಳು ಪೈಸೆಗೆ ಪೈಸೆ ಸರಿಯಾಗಿರುತ್ತವೆ. ಒಳಗಿನ ಮನೆಗಳು ಸರಿಯಾಗಿವೆ ಎಂಬುದಕ್ಕೆ ಮಾತ್ರ ಅದು ಪುರಾವೆಯಲ್ಲ. ಇನ್ನೊಂದು ಸಂಗತಿಯನ್ನು ನನ್ನ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡುವಾಗ ಕಂಡುಕೊಳ್ಳುತ್ತಾರೆ. ಹಳೆಯ ಕೋಷ್ಟಕದಲ್ಲಿ ಸೊನ್ನೆ ಇದ್ದ ಮನೆಯನ್ನು ಎಷ್ಟರಿಂದ ಗುಣಿಸಿದರೂ ಅದು ಸೊನ್ನೆಯೇ. ನಿನ್ನೆ ಇಲ್ಲದ ವ್ಯವಹಾರ ಇವತ್ತು ಶುರುವಾಗಿದ್ದರೆ, ಹೊರಗಿನಿಂದ ಯಾರಾದರೂ ತಂದು ಹಾಕದ ಹೊರತು ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ.

ಇದ್ಯಾವುದೂ ಕಳ್ಳಲೆಕ್ಕವಲ್ಲ. ನೀವೇ ನಿಮ್ಮ ಪ್ರಬಂಧಗಳಲ್ಲಿ ಎಲ್ಲವನ್ನೂ ಬರೆದಿದ್ದೀರಿ, ನಾನು ಕಲಿತದ್ದೂ ಅಲ್ಲಿಂದಲೇ. ಆದರೆ ಕೋಷ್ಟಕವನ್ನು ಇಳಿಸಿಕೊಂಡು ತೆರೆದಾಗ ಅಳೆದ ಅಂಕಿಯೂ ತುಂಬಿದ ಅಂಕಿಯೂ ಒಂದೇ ಅಕ್ಷರದಲ್ಲಿ, ದಶಾಂಶದ ನಂತರ ಅಷ್ಟೇ ಸ್ಥಾನಗಳೊಂದಿಗೆ ಕೂತಿರುತ್ತವೆ. ಅಲ್ಲಿಂದ ಅದು ನೀತಿಯ ಪರಿಣಾಮ ಲೆಕ್ಕಹಾಕುವ ಮಾದರಿಗೆ ಹೋಗುತ್ತದೆ, ಮಾದರಿಯಿಂದ ವರದಿಗೆ, ವರದಿಯ ಮೊದಲ ಪುಟದಿಂದ ಸಚಿವರ ಮೇಜಿಗೆ. ಮೇಜಿಗೆ ಮುಟ್ಟುವ ಹೊತ್ತಿಗೆ ಅಂಕಿಯ ಹುಟ್ಟನ್ನು ಹೇಳುವ ಒಂದು ಪದವೂ ಜತೆಗೆ ಉಳಿದಿರುವುದಿಲ್ಲ.

ಇದರ ಪರಿಣಾಮ ನೋಡಲು ರಾಮನಗರಕ್ಕೆ ಬನ್ನಿ. ಏಷ್ಯಾದಲ್ಲೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಎಂದು ಹೆಸರಾದ ಊರು. ಬೆಳಗ್ಗೆ ರೈತರು ಚೀಲಗಳಲ್ಲಿ ಗೂಡು ತಂದು ಜಾಲರಿಗಳಲ್ಲಿ ಹರವುತ್ತಾರೆ. ನೂಲು ಬಿಚ್ಚುವ ರೀಲರ್‌ಗಳು ಬಂದು ಗೂಡು ಕೈಗೆತ್ತಿಕೊಂಡು ಅದುಮಿ ನೋಡುತ್ತಾರೆ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯಾಗಿದೆಯೇ ಎಂದು ಕೇಳುತ್ತಾರೆ, ಆಮೇಲೆ ಹರಾಜಿನಲ್ಲಿ ದರ ಹೇಳುತ್ತಾರೆ. ರೈತನಿಗೆ ದರ ಇಷ್ಟವಾಗದಿದ್ದರೆ ಗೂಡನ್ನು ಮನೆಗೆ ಒಯ್ದು ಮುಂದಿನ ತಿಂಗಳು ಮಾರುತ್ತೇನೆ ಎನ್ನುವಂತಿಲ್ಲ. ಗೂಡು ಕಟ್ಟಿದ ಹುಳು ಕೆಲವೇ ದಿನಗಳಲ್ಲಿ ಪತಂಗವಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ಒಂದೇ ಎಳೆಯ ನೂಲು ಬಿಚ್ಚಲಾಗುವುದಿಲ್ಲ. ಇದ್ದ ದರಕ್ಕೆ ಕೊಟ್ಟು ಹೋಗಬೇಕು. ಚೀನಾದ ಕಚ್ಚಾ ರೇಷ್ಮೆ ಅಗ್ಗವಾಗಿ ಬಂತೆಂದರೆ ಅದರ ಏಟು ನೇರ ಈ ಜಾಲರಿಯ ಮೇಲೆ ಬೀಳುವುದು ಇದಕ್ಕೇ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಗೂಡಿನ ದರ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು.

ಈ ಕಥೆಯನ್ನು ಜಿಟ್ಯಾಪ್ ಕೋಷ್ಟಕದಲ್ಲಿ ಹುಡುಕಿದರೆ ಏನು ಸಿಗುತ್ತದೆ? ರಾಮನಗರದ ಗೂಡು ಇರುವುದು ಉಣ್ಣೆಯ ಸಾಲಿನಲ್ಲಿ. ಆಸ್ಟ್ರೇಲಿಯಾದ ಕುರಿಯ ತುಪ್ಪಟವೂ ನಮ್ಮ ಹಿಪ್ಪುನೇರಳೆ ತಿಂದ ಹುಳುವಿನ ಗೂಡೂ ಒಂದೇ ವಲಯ. ಉಣ್ಣೆಯನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟು ದರ ಬಂದಾಗ ಮಾರಬಹುದು. ಗೂಡನ್ನು ಒಂದು ವಾರವೂ ಇಡಲಾಗದು. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆ ಅಲ್ಲಿಂದ ಜಿಗಿದು ಜವಳಿ ವಲಯಕ್ಕೆ ಸೇರುತ್ತದೆ. ಅಲ್ಲಿ ಹತ್ತಿ ನೂಲು, ಪಾಲಿಯೆಸ್ಟರ್ ಬಟ್ಟೆ, ಕಾರ್ಪೆಟ್ ಎಲ್ಲವೂ ಇವೆ. ಕಚ್ಚಾ ರೇಷ್ಮೆಯ ಮೇಲಿನ ಸುಂಕ ಶೇ. 30 ಇರಲಿ, ಶೇ. 5 ಇರಲಿ, ಜವಳಿಯ ಸರಾಸರಿ ಸುಂಕದೊಳಗೆ ಅದು ಕರಗಿಹೋಗುತ್ತದೆ. 2011ರ ಆ ಇಳಿಕೆಯನ್ನು ಈ 65 ವಲಯಗಳ ಮಾದರಿಯಲ್ಲಿ ಓಡಿಸಿದರೆ ಸೀರೆ ನೇಯುವವರಿಗೆ ಕೊಂಚ ಅನುಕೂಲ ಎಂಬ ಉತ್ತರ ಬಂದೀತು. ಗೂಡಿನವನ ನಷ್ಟ ಆ ಉತ್ತರದಲ್ಲಿ ಕಾಣಲಾರದು, ಏಕೆಂದರೆ ಅದು ಕಾಣಿಸಿಕೊಳ್ಳಲು ಬೇಕಾದ ಮನೆಯೇ ಅಲ್ಲಿಲ್ಲ.

ಕಾಫಿಯದೂ ಹೀಗೆಯೇ. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಬೆಳೆದದ್ದರಲ್ಲಿ ಹೆಚ್ಚಿನದು ಮಂಗಳೂರಿನಂಥ ಬಂದರುಗಳಿಂದ ಇಟಲಿ, ಜರ್ಮನಿ, ರಷ್ಯಾಗಳಿಗೆ ಹೋಗುತ್ತದೆ. ಕೋಷ್ಟಕದಲ್ಲಿ ಅದು ‘ಇತರ ಬೆಳೆಗಳು’. ಕೊಡಗಿನ ಕಾಫಿ, ಅಸ್ಸಾಮಿನ ಚಹಾ, ಸಕಲೇಶಪುರದ ಏಲಕ್ಕಿ, ಹುಣಸೂರಿನ ಹೊಗೆಸೊಪ್ಪು, ಬೆಂಗಳೂರಿನ ಸುತ್ತಿನ ಗುಲಾಬಿ, ಕೇರಳದ ರಬ್ಬರು, ಎಲ್ಲಕ್ಕೂ ಒಂದೇ ಸಾಲು. ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಹದ ಮಾಡಲು ಸೌದೆ ಉರಿಸಬೇಕು. ಕೊಡಗಿನ ಕಾಫಿ ಮರದ ನೆರಳಲ್ಲೇ ಬೆಳೆಯುತ್ತದೆ. ಪರಿಸರದ ಲೆಕ್ಕಕ್ಕೆ ಯೂರೋಪಿನಲ್ಲಿ ಬಳಸುವ ಎಕ್ಸಿಯೊಬೇಸ್ ಕೂಡ ಬೆಳೆಗಳನ್ನು ಹೆಚ್ಚುಕಡಿಮೆ ಹೀಗೇ ಕಟ್ಟುತ್ತದೆ. ಕಾಡು ಕಡಿದು ಬೆಳೆದ ಸರಕಿಗೆ ಬಾಗಿಲು ಹಾಕುವ ಕಾನೂನನ್ನು ಯೂರೋಪ್ 2023ರಲ್ಲಿ ಮಾಡಿದೆ, ಕಾಫಿಯೂ ಅದರ ಪಟ್ಟಿಯಲ್ಲಿದೆ. ಅಂಥ ಹೊತ್ತಿನಲ್ಲಿ ಇಡೀ ಭಾರತದ ‘ಇತರ ಬೆಳೆ’ಗಳ ಸರಾಸರಿ ಹೊಗೆ, ಸರಾಸರಿ ಕಾಡುನಾಶವನ್ನು ಕಾಫಿಯ ಬೆಳೆಗಾರನ ತಲೆಗೆ ಕಟ್ಟುವ ಲೆಕ್ಕಗಳು ಹುಟ್ಟುವುದು ಅನ್ಯಾಯ. ಆ ಸಾಲಿನ ಪಕ್ಕದಲ್ಲಿ ‘ಇದು ಬೇರೆಬೇರೆ ಬೆಳೆಗಳ ಕಲಬೆರಕೆ, ಒಂದು ಬೆಳೆಯ ಬಗ್ಗೆ ಇದರಿಂದ ತೀರ್ಮಾನ ಮಾಡಬೇಡಿ’ ಎಂದು ಬರೆದಿದ್ದರೆ ಅಷ್ಟರಮಟ್ಟಿಗೆ ಅನ್ಯಾಯ ತಪ್ಪುತ್ತದೆ.

ಫೋನಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ 2009ರ ಚೀನಾದ ಕಥೆ ಈಗ ಕೋಲಾರ ಜಿಲ್ಲೆಗೆ ಬಂದಿದೆ. ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತಿದೆ. ತೈವಾನಿನ ವಿಸ್ಟ್ರಾನ್ ಕಟ್ಟಿದ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ದೇವನಹಳ್ಳಿ-ದೊಡ್ಡಬಳ್ಳಾಪುರದ ಕಡೆ ಫಾಕ್ಸ್‌ಕಾನ್ ಬಂದಿದೆ. 2024-25ರಲ್ಲಿ ಭಾರತದಿಂದ ಸುಮಾರು 2,400 ಕೋಟಿ ಡಾಲರ್ ಬೆಲೆಯ ಸ್ಮಾರ್ಟ್‌ಫೋನ್ ರಫ್ತಾಯಿತು. ಆ ಮೊತ್ತದಲ್ಲಿ ಇಲ್ಲಿನ ಕೂಲಿ, ಇಲ್ಲಿನ ಬಿಡಿಭಾಗ, ಇಲ್ಲಿನ ಲಾಭ ಎಷ್ಟು? ರಾಜ್ಯ ಸರ್ಕಾರ ಭೂಮಿ, ವಿದ್ಯುತ್, ರಿಯಾಯಿತಿಗಳನ್ನು ಕೊಡುವಾಗ, ಕೇಂದ್ರ ಸರ್ಕಾರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಕೊಡುವಾಗ, ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ನಿಮ್ಮ ಕೋಷ್ಟಕದಿಂದ ಬರಬೇಕು.

ಆದರೆ ಅಲ್ಲಿ ನರಸಾಪುರದ ಫೋನು ಕಂಪ್ಯೂಟರ್, ಎಲೆಕ್ಟ್ರಾನಿಕ್ ಮತ್ತು ದೃಕ್ ಉಪಕರಣಗಳ ವಲಯದಲ್ಲಿದೆ. ಜಾಲಹಳ್ಳಿಯ ಬಿಇಎಲ್ ತಯಾರಿಸುವ ರೇಡಾರ್ ಕೂಡ ಅದೇ ವಲಯ. ಒಂದರಲ್ಲಿ ಬಿಡಿಭಾಗಗಳ ಹೆಚ್ಚುಪಾಲು ಹೊರದೇಶದ್ದು, ಮಾಲು ಹೋಗುವುದು ರಫ್ತಿಗೆ. ಇನ್ನೊಂದರಲ್ಲಿ ವಿನ್ಯಾಸವೂ ಬಹುಪಾಲು ಇಲ್ಲಿಯದು, ಗಿರಾಕಿ ನಮ್ಮದೇ ಸೈನ್ಯ. ಇವೆರಡರ ಸರಾಸರಿಯನ್ನು ತೆಗೆದು ಫೋನಿನ ರಫ್ತಿಗೆ ಹಚ್ಚಿದರೆ ಭಾರತದ ಪಾಲು ನಿಜಕ್ಕಿಂತ ದೊಡ್ಡದಾಗಿ ಕಾಣುವುದು ಸಹಜ. ಚೀನಾ ಮತ್ತು ಮೆಕ್ಸಿಕೊದ ವಿಷಯದಲ್ಲಿ ಒಇಸಿಡಿಯವರು ಈ ತಪ್ಪಾಗದಂತೆ ನೋಡಿಕೊಂಡಿದ್ದೀರಿ. ರಫ್ತಿಗೆಂದೇ ಜೋಡಣೆ ಮಾಡುವ ಕಾರ್ಖಾನೆಗಳನ್ನು ಉಳಿದವುಗಳಿಂದ ಬಿಡಿಸಿ ಬೇರೆ ಸಾಲು ಕೊಟ್ಟಿದ್ದೀರಿ. ಭಾರತಕ್ಕೂ ಅದು ಬೇಕಾಗಿದೆ. ಅಲ್ಲಿಯವರೆಗೆ ಭಾರತದ ಎಲೆಕ್ಟ್ರಾನಿಕ್ಸ್ ಸಾಲಿನ ಪಕ್ಕದಲ್ಲಿ ಒಂದು ಎಚ್ಚರಿಕೆಯ ಗುರುತಾದರೂ ಇರಲಿ.

ಇಲ್ಲಿ ನನ್ನ ದೂರು ನಿಮ್ಮ ಮೇಲಿಗಿಂತ ನಮ್ಮ ದೆಹಲಿಯ ಮೇಲೆ ಹೆಚ್ಚು. ನೀವು ಶೂನ್ಯದಿಂದ ಕೋಷ್ಟಕ ಸೃಷ್ಟಿಸುವವರಲ್ಲ, ಆಯಾ ದೇಶದವರು ಕೊಟ್ಟದ್ದನ್ನು ಜೋಡಿಸುವವರು. ಯೋಜನೆಯ ಕಾಲದಲ್ಲಿ, 1950ರ ದಶಕದಲ್ಲೇ, ಮಹಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆ ಇಂಥ ಕೋಷ್ಟಕಗಳ ಕೆಲಸಕ್ಕೆ ಕೈಹಾಕಿತ್ತು. ಸರ್ಕಾರಿ ಕೋಷ್ಟಕಗಳು 1968-69ರಿಂದ ಸುಮಾರು ಐದೈದು ವರ್ಷಕ್ಕೊಂದರಂತೆ ಬಂದವು. 130 ವಲಯಗಳ 2007-08ರ ಕೋಷ್ಟಕ 2012ರಲ್ಲಿ ಪ್ರಕಟವಾಯಿತು. ಆಮೇಲೆ ಆ ಸರಣಿಯ ಬದಲು 2011-12ರಿಂದ ಪೂರೈಕೆ-ಬಳಕೆ ಕೋಷ್ಟಕಗಳು ಬಂದವು: 140 ಸರಕು, 66 ಉದ್ಯಮ. ಅವು ಒಳ್ಳೆಯ ಕೆಲಸವೇ. ಆದರೆ ಅವುಗಳಿಂದ ಸಮಚೌಕದ ಕೋಷ್ಟಕ ತೆಗೆಯುವ ಹೊಣೆ ಬಳಸುವವರ ತಲೆಗೆ ಬಂತು. ಒಬ್ಬೊಬ್ಬರು ಒಂದೊಂದು ರೀತಿ ತೆಗೆದರು. ಮನೆಮನೆಯ ಸಣ್ಣ ಉದ್ಯಮಗಳು ಏನು ಕೊಳ್ಳುತ್ತವೆ, ಏನು ಮಾರುತ್ತವೆ ಎಂಬುದಕ್ಕೆ ಆಧಾರ 2010-11 ಮತ್ತು 2015-16ರ ಮಾದರಿ ಸಮೀಕ್ಷೆಗಳು. ನಡುವೆ ನೋಟು ರದ್ದತಿ, ಜಿಎಸ್‌ಟಿ, ಕೊರೊನಾ ಎಲ್ಲ ಬಂದುಹೋದ ಮೇಲೆ, 2021-22ರಿಂದಷ್ಟೇ ಆ ಸಮೀಕ್ಷೆ ನಿಯಮಿತವಾಗಿ ಪ್ರತಿವರ್ಷ ನಡೆಯತೊಡಗಿತು. ಏಷ್ಯಾದ ಲೆಕ್ಕದಲ್ಲೂ ನಾವು ಹೊರಗೇ ಉಳಿದೆವು: ಜಪಾನಿನ ಸಂಶೋಧನಾ ಸಂಸ್ಥೆ ಐಡಿಇ-ಜೆಟ್ರೊ 1975ರಿಂದ 2005ರವರೆಗಿನ ವರ್ಷಗಳಿಗೆ ಏಷ್ಯಾದ ಅಂತರರಾಷ್ಟ್ರೀಯ ಕೋಷ್ಟಕಗಳನ್ನು ಕಟ್ಟಿತು. ಕೊನೆಯ ಆವೃತ್ತಿಗಳಲ್ಲಿದ್ದ ಹತ್ತು ಆರ್ಥಿಕತೆಗಳಲ್ಲಿ ಥಾಯ್ಲೆಂಡ್ ಇತ್ತು, ಫಿಲಿಪ್ಪೀನ್ಸ್ ಇತ್ತು, ಭಾರತ ಇರಲಿಲ್ಲ. ಬಾಂಗ್ಲಾದೇಶ, ಶ್ರೀಲಂಕಾಗಳಿಗೂ ಅಲ್ಲಿ ಜಾಗ ಇರಲಿಲ್ಲ.

ಅಳತೆ ಕಡಿಮೆಯಾದಷ್ಟೂ ಅಂದಾಜು ಹೆಚ್ಚುತ್ತದೆ. ಅಂದಾಜು ಅತಿ ಹೆಚ್ಚಿರುವುದು ಅತಿ ಬಡವರ ಕಸುಬುಗಳ ಮನೆಗಳಲ್ಲಿ. ಜರ್ಮನಿಯ ಕಾರು ಉದ್ಯಮದ ಕಾಲಂ ಬಹುಮಟ್ಟಿಗೆ ಅಳತೆಯಿಂದ ತುಂಬಿರುತ್ತದೆ, ಅಲ್ಲಿನ ಕಂಪನಿಗಳು ಪ್ರತಿವರ್ಷ ಲೆಕ್ಕ ಕೊಡುತ್ತವೆ. ರಾಮನಗರದ ನೂಲು ಬಿಚ್ಚುವ ಮನೆಯ ಕಾಲಂ, ಮಂಡ್ಯದ ಆಲೆಮನೆಯ ಕಾಲಂ ಅಂದಾಜಿನಿಂದ ತುಂಬಿರುತ್ತದೆ. ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಚರ್ಚೆ ನಡೆದಾಗ ನಮ್ಮ ಹಾಲು ಉತ್ಪಾದಕರು ನ್ಯೂಜಿಲೆಂಡಿನ ಹಾಲಿನಪುಡಿಗೆ ಹೆದರಿ ಧ್ವನಿಯೆತ್ತಿದ್ದರು. 2019ರ ನವೆಂಬರಿನಲ್ಲಿ ಭಾರತ ಆ ಒಪ್ಪಂದದಿಂದ ಹೊರಬಂತು. ಹೊರಬಂದದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ನ್ಯೂಜಿಲೆಂಡಿನ ಹಾಲು ಹೆಚ್ಚುಕಡಿಮೆ ಎಲ್ಲವೂ ಕಾರ್ಖಾನೆಗೆ ಹೋಗುತ್ತದೆ, ಎಲ್ಲವೂ ಪುಸ್ತಕದಲ್ಲಿದೆ. ನಮ್ಮಲ್ಲಿ ಕರೆದ ಹಾಲಿನಲ್ಲಿ ದೊಡ್ಡ ಪಾಲು ಮನೆಯಲ್ಲೇ ಕುಡಿದು, ಮೊಸರು-ತುಪ್ಪವಾಗಿ ಮುಗಿಯುತ್ತದೆ. ಅದಕ್ಕೆ ಬೆಲೆ ಕಟ್ಟಿ ಕೋಷ್ಟಕಕ್ಕೆ ಸೇರಿಸಬೇಕು. ಅಳೆದ ಹಾಲಿಗೂ ಬೆಲೆಕಟ್ಟಿದ ಹಾಲಿಗೂ ಮಾದರಿಯಲ್ಲಿ ಪೈಪೋಟಿ ಏರ್ಪಟ್ಟಾಗ ಎರಡಕ್ಕೂ ಸಮಾನ ನಂಬಿಕೆ ಕೊಡುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು? ಮಾಡಲಾಗದ್ದನ್ನು ನಾನು ಕೇಳುತ್ತಿಲ್ಲ. ಸಿಡ್ನಿಯ ಮ್ಯಾನ್‌ಫ್ರೆಡ್ ಲೆನ್ಜೆನ್ ತಂಡ ಇಯೋರಾ ಕೋಷ್ಟಕವನ್ನು ಕಟ್ಟುವಾಗ ಅಂಕಿಗಳ ಜತೆಗೆ ಅವುಗಳ ಅನಿಶ್ಚಿತತೆಯ ಅಂದಾಜನ್ನೂ ಕೊಟ್ಟಿತು. ಸುಮಾರು 190 ದೇಶಗಳಿಗೆ ಅದು ಸಾಧ್ಯವಾಯಿತು ಎಂದಮೇಲೆ ಉಳಿದವರಿಗೂ ಸಾಧ್ಯ. ಪ್ರತಿ ಮನೆಗೂ ಅದರ ಮೂಲ ಯಾವುದು, ಆ ಮೂಲ ಯಾವ ವರ್ಷದ್ದು, ಹೊಂದಾಣಿಕೆಯಲ್ಲಿ ಅದು ಎಷ್ಟು ಜರುಗಿತು ಎಂಬ ಮೂರು ಮಾಹಿತಿಗಳಿರುವ ಇನ್ನೊಂದು ಕಡತವನ್ನು ಮುಖ್ಯ ಕಡತದ ಜತೆಗೇ ಕೊಡಿ. ಆರ್‌ಎಎಸ್ ತಿದ್ದುವ ಮೊದಲಿನ ಅಂಕಿ, ತಿದ್ದಿದ ಮೇಲಿನ ಅಂಕಿ ಎರಡೂ ನಿಮ್ಮ ಗಣಕದಲ್ಲಿರುತ್ತವೆ, ಅವನ್ನು ಅಳಿಸದೆ ಹೊರಗಿಡಿ. ಮಾದರಿ ಓಡಿಸುವವರಿಗೆ ಆಗ ‘ಲಾಭ ಶೇ. 0.4’ ಎಂಬ ಒಂಟಿ ಅಂಕಿಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಲು ಬರುತ್ತದೆ. ಲಾಭವೋ ನಷ್ಟವೋ ಎಂಬುದೇ ಖಾತ್ರಿಯಿಲ್ಲದ ಕಡೆ ಅದನ್ನೂ ಹೇಳಬಹುದು. ವರದಿ ಓದುವ ಅಧಿಕಾರಿಗೂ ರಾಮನಗರದ ರೀಲರನ್ನು ಕರೆದು ಒಂದು ಮಾತು ಕೇಳೋಣ ಎಂದು ಆಗ ಅನಿಸಬಹುದು.

ಇನ್ನೆರಡು ಮಾತು ಬೇಗ ಹೇಳುತ್ತೇನೆ. ಗ್ರೋನಿಂಗನ್ ಮುಂದಾಳತ್ವದ ವಿಶ್ವ ಇನ್‌ಪುಟ್-ಔಟ್‌ಪುಟ್ ದತ್ತಾಂಶ ಎಲ್ಲರಿಗೂ ಮುಕ್ತವಾಗಿತ್ತು, ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಅದರಿಂದ ಕಲಿತರು. 2016ರ ಆವೃತ್ತಿ 43 ದೇಶಗಳನ್ನು 2014ರವರೆಗೆ ತಂದು ನಿಂತಿತು. ಯೋಜನೆಯ ಹಣಕ್ಕೆ ಅವಧಿ ಇರುತ್ತದೆ, ಜಗತ್ತಿನ ವ್ಯಾಪಾರಕ್ಕೆ ಇಲ್ಲ. ಈ ಕೋಷ್ಟಕಗಳಿಗೆ ಜನಗಣತಿಗೆ ಸಿಗುವಂಥ ಕಾಯಂ ಹಣ ಸಿಗಬೇಕು. ಹಾಗೆಯೇ ಜಿಟ್ಯಾಪ್‌ನ ಹೊಸ ಆವೃತ್ತಿ ದುಡ್ಡು ಕೊಟ್ಟವರಿಗೆ, ಹಳೆಯದು ಪುಕ್ಕಟೆ ಎಂಬ ವ್ಯವಸ್ಥೆ. ಅದನ್ನು ನಡೆಸಲು ನಿಮಗೆ ಹಣ ಬೇಕೆಂಬುದು ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಂದದ ಮಾತುಕತೆಯಲ್ಲಿ ಒಂದು ಕಡೆಯವರ ಕೈಯಲ್ಲಿ ಹೊಸ ಕೋಷ್ಟಕ, ಅದನ್ನು ಪ್ರಶ್ನಿಸುವ ರೈತ ಸಂಘದ ಕೈಯಲ್ಲಿ ಹಳೆಯದು ಎಂದಾಗಬಾರದು.

ದೆಹಲಿಯವರಿಗೆ ಒಂದೇ ಕೋರಿಕೆ: ಆಮದಾದ ಸರಕನ್ನು ಯಾವ ಉದ್ಯಮ ಬಳಸಿತು ಎಂಬ ಕೋಷ್ಟಕವನ್ನು ನಿಯಮಿತವಾಗಿ ಪ್ರಕಟಿಸಿ. ಜಿಎಸ್‌ಟಿ ಬಂದಮೇಲೆ ನೋಂದಾಯಿತ ವ್ಯಾಪಾರಿಗಳ ನಡುವೆ ಮಾರಿದವರು ಯಾರು, ಕೊಂಡವರು ಯಾರು ಎಂಬುದು ಬಿಲ್ಲುಬಿಲ್ಲಿನಲ್ಲೂ ದಾಖಲಾಗುತ್ತಿದೆ. ಯಾವ ವ್ಯಾಪಾರಿಯ ಹೆಸರೂ ಹೊರಬೀಳದಂತೆ ಅದನ್ನು ಉದ್ಯಮವಾರು ಕೂಡಿಸಿ ಕೊಟ್ಟರೆ, ಜಗತ್ತಿನ ಕೋಷ್ಟಕದಲ್ಲಿ ಭಾರತದ ಎಷ್ಟೋ ಮನೆಗಳು ಅಂದಾಜಿನಿಂದ ಅಳತೆಗೆ ಬಡ್ತಿ ಪಡೆಯುತ್ತವೆ.

1970ರ ಡಿಸೆಂಬರಿನಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಲಿಯೊಂಟಿಯೆಫ್ ತಮ್ಮ ವೃತ್ತಿಯವರನ್ನೇ ಕಟುವಾಗಿ ಟೀಕಿಸಿದ್ದರು. ನಾವು ಸಿದ್ಧಾಂತದ ಮೇಲೆ ಸಿದ್ಧಾಂತ ಪೇರಿಸುತ್ತೇವೆ, ಸಂಗತಿಗಳನ್ನು ಹೋಗಿ ನೋಡುವ ಕಷ್ಟಕ್ಕೆ ಮಾತ್ರ ಹಿಂಜರಿಯುತ್ತೇವೆ ಎಂಬುದು ಅವರ ಅಳಲಾಗಿತ್ತು. ಹೋಗಿ ನೋಡುವ ಕೆಲಸದಲ್ಲಿ ನಾವೂ ಕೈಜೋಡಿಸುತ್ತೇವೆ. ಜಿಟ್ಯಾಪ್‌ಗೆ ದೇಶಗಳ ಕೋಷ್ಟಕಗಳನ್ನು ಹೊರಗಿನ ಸಂಶೋಧಕರೂ ಕಟ್ಟಿಕೊಡುತ್ತಾರೆ. ಆ ಬಾಗಿಲು ತೆರೆದಿದೆ ಎಂದು ನನಗೆ ಗೊತ್ತು. ನಮ್ಮ ಕಾಲೇಜಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆಯಿಂದ ಬರುವ ಮಕ್ಕಳಿದ್ದಾರೆ, ಎಷ್ಟೋ ಮಂದಿಯ ಮನೆಯಲ್ಲೇ ಹುಳುಸಾಕಣೆ ನಡೆಯುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆ ಬಿಚ್ಚಲು ಗೂಡು ಎಷ್ಟು ಕಿಲೋ, ಸೌದೆ ಎಷ್ಟು, ಕರೆಂಟು ಎಷ್ಟು, ಬಿಸಿನೀರಿನ ತೊಟ್ಟಿಯ ಮುಂದೆ ಕೂರುವ ಹೆಂಗಸಿಗೆ ಕೂಲಿ ಎಷ್ಟು, ಉಳಿದ ಹುಳುವನ್ನು ಮಾರಿ ಬಂದದ್ದೆಷ್ಟು ಎಂದು ರೀಲರ್‌ಗಳ ಮನೆಗೆ ಹೋಗಿ ಕೇಳಿ ಬರೆದು ತರಲು ಅವರು ತಯಾರಿದ್ದಾರೆ. ಕಾಲಂ ತುಂಬಲು ನಿಮಗೆ ಬೇಕಾದ ನಮೂನೆ ಯಾವುದು, ಯಾವ ವರ್ಗೀಕರಣದಲ್ಲಿ, ಯಾವ ವರ್ಷಕ್ಕೆ ಎಂದು ತಿಳಿಸಿ. ನಮೂನೆ ಬಂದ ತಿಂಗಳೇ ಕೆಲಸ ಶುರುಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅರ್ಥಶಾಸ್ತ್ರ ಅಧ್ಯಾಪಕ